ಸಂತೆಯಲ್ಲಿ ದೊರೆಯದ ಸರಕು

ನಮ್ಮ ಶಾಲೆಯ ಪೋಷಕರ ಕೂಟಗಳಲ್ಲಿ ಒಂದು ಪ್ರಶ್ನೆಯು ಆಗಾಗ ಕೇಳಿಬರುವುದುಂಟು. ಅದೇನೆಂದರೆ: ಅಕ್ಕಿಯನ್ನೂ ಬಟ್ಟೆಯನ್ನೂ ಬೇಕಾದವರು ಬೆಲೆ ಕೊಟ್ಟು ಕೊಂಡುಕೊಳ್ಳುತ್ತಾರೆ; ವಿದ್ಯೆಯನ್ನೂ ಬೇಕಾದವರು ಹಾಗೆಯೇ ಕೊಂಡುಕೊಳ್ಳಬಾರದೇಕೆ? ಮಕ್ಕಳಿಲ್ಲದವನಿಂದಲೂ, ಮಕ್ಕಳನ್ನು ಓದಿಸಿ ಮುಗಿಸಿದವನಿಂದಲೂ ತೆರಿಗೆಯನ್ನೆತ್ತಿ, ಆ ಹಣದಿಂದ ಬೇರೆಯವರ ಹೆಣ್ಣುಮಕ್ಕಳಿಗೆ ಪಾಠ ಹೇಳಿಸುವುದು ನ್ಯಾಯವೋ? ಹೀಗೆ ಕೇಳುವವರನ್ನು ಜಿಪುಣರೆಂದಾಗಲಿ ವಿದ್ಯಾದ್ವೇಷಿಗಳೆಂದಾಗಲಿ ತಿಳಿಯತಕ್ಕದ್ದಲ್ಲ. ತನ್ನ ಬೆವರಿನ ಹಣವು ಎಲ್ಲಿಗೆ ಹೋಗುವುದೆಂದು ವಿಚಾರಿಸುವುದು ಪ್ರತಿಯೊಬ್ಬ ಪ್ರಜೆಯ ಹಕ್ಕು. ಅನುದಾನದಿಂದ ನಡೆಯುವ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾದ ನಾನು ಇದಕ್ಕೆ ಉತ್ತರ ಹೇಳಲು ಬದ್ಧಳಾಗಿದ್ದೇನೆ. ನನ್ನ ಸಂಬಳವೂ ಆ ಬೊಕ್ಕಸದಿಂದಲೇ ಬರುವುದಾದುದರಿಂದ, ವಾಚಕರು ನನ್ನ ಮಾತನ್ನು ಸ್ವಲ್ಪ ತೂಕಮಾಡಿಯೇ ತೆಗೆದುಕೊಳ್ಳುವುದು ಒಳ್ಳೆಯದು.

ಮೊದಲು ಪೇಟೆಗೆ ಸಲ್ಲತಕ್ಕ ಗೌರವವನ್ನು ಸಲ್ಲಿಸೋಣ. 1834ನೇ ಇಸವಿಯಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಈ ಜಿಲ್ಲೆಯಲ್ಲಿ ಎರಡು ಬಗೆಯ ಕೆಲಸಗಳನ್ನು ಕೈಕೊಂಡರು. ಒಂದು ಕೈಗಾರಿಕೆ, ಇನ್ನೊಂದು ಶಾಲೆ. 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಶನರಿಯವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ನೇತ್ರಾವತಿಯ ತೀರದ ಜೇಡಿಮಣ್ಣು ಯಂತ್ರದಲ್ಲಿ ಅಚ್ಚಾಗಿ, ಆವಿಗೆಯಲ್ಲಿ ಬೆಂದು, ನಮ್ಮ ಮಳೆಗಾಲವನ್ನು ತಾಳತಕ್ಕ ಹಂಚಾಗಿ ಹೊರಬಂದಿತು. ಆ ಹಂಚನ್ನು ಕೊಂಡವನಿಗೆ ಸೋರದ ಮಾಡು ದೊರೆಯಿತು. ಮಾರಿದವರಿಗೆ ಹಣ ದೊರೆಯಿತು. ಇದನ್ನು ಕಂಡು ಕೆಲವೇ ವರುಷಗಳಲ್ಲಿ ಬೇರೆ ವರ್ತಕರು ತಮ್ಮ ತಮ್ಮ ಕಾರ್ಖಾನೆಗಳನ್ನು ತೆರೆದರು. ಮಂಗಳೂರು ಹಂಚು ಸಮುದ್ರದಾಚೆಗೂ ಹೋಯಿತು. ಇದಕ್ಕೆ ಯಾವ ಸರಕಾರವೂ ಆಜ್ಞೆಯನ್ನು ಹೊರಡಿಸಬೇಕಾಗಲಿಲ್ಲ, ಯಾವ ಪುಣ್ಯಾತ್ಮನೂ ದಾನ ಕೊಡಬೇಕಾಗಲಿಲ್ಲ.

ಆದರೆ ಅದೇ ಮಿಶನಿನವರು ತೆರೆದ ಹೆಣ್ಣುಮಕ್ಕಳ ಶಾಲೆಗಳ ಸಂಗತಿ ಏನು? ಅವುಗಳನ್ನು ಕಂಡು, ಇದರಲ್ಲಿ ಲಾಭವುಂಟೆಂದು ಯಾವ ವರ್ತಕನೂ ಹೆಣ್ಣುಮಕ್ಕಳ ಶಾಲೆಗಳನ್ನು ಸಾಲುಸಾಲಾಗಿ ತೆರೆಯಲು ಓಡಿಬರಲಿಲ್ಲ. ಹಂಚನ್ನು ಬಲ್ಲ ಊರು ಶಾಲೆಯನ್ನು ಬಲ್ಲದಾಗಿರಲಿಲ್ಲವೆಂದಲ್ಲ. ಹಂಚಿನ ಪ್ರಯೋಜನವು ಕೊಂಡವನ ತಲೆಯ ಮೇಲೆಯೇ ನಿಲ್ಲುತ್ತದೆ. ಶಾಲೆಯ ಪ್ರಯೋಜನವು ಹಾಗೆ ನಿಲ್ಲುವುದಿಲ್ಲ. ನಾನು ಹೇಳಬೇಕಾದುದೆಲ್ಲವೂ ಈ ಒಂದು ಭೇದದಲ್ಲಿ ಅಡಗಿದೆ.

ಬೆಲೆಯೆಂಬುದು ಇಬ್ಬರ ನಡುವೆ ನಡೆಯುವ ಸಂಭಾಷಣೆ. ಕೊಳ್ಳುವವನು ತನಗೆ ಎಷ್ಟು ಪ್ರಯೋಜನವೆಂದು ಎಣಿಸುತ್ತಾನೆ. ಮಾರುವವನು ತನಗೆ ಎಷ್ಟು ಖರ್ಚೆಂದು ಎಣಿಸುತ್ತಾನೆ. ಎರಡೂ ಕೂಡಿದಲ್ಲಿ ವ್ಯಾಪಾರ ಕುದುರುತ್ತದೆ. ಆ ವ್ಯಾಪಾರದಿಂದ ಮೂರನೆಯವನೊಬ್ಬನಿಗೆ ಹಿತವಾಗಲಿ ಅಹಿತವಾಗಲಿ ಉಂಟಾದರೆ, ಅವನ ಮಾತು ಆ ಅಂಗಡಿಯಲ್ಲಿ ಕೇಳಿಸುವುದಿಲ್ಲ. ಅಹಿತವಾದರೆ ಆ ಸರಕು ಮಿತಿಮೀರಿ ತಯಾರಾಗುತ್ತದೆ. ಹಿತವಾದರೆ ಬೇಕಾದುದಕ್ಕಿಂತ ಕಡಿಮೆ ತಯಾರಾಗುತ್ತದೆ, ಅಥವಾ ತಯಾರಾಗುವುದೇ ಇಲ್ಲ. ಅರ್ಥಶಾಸ್ತ್ರಜ್ಞರು ಇದನ್ನು ಮಾರುಕಟ್ಟೆಯ ವೈಫಲ್ಯವೆಂದು ಕರೆಯುತ್ತಾರೆ. ವರ್ತಕನು ಮೋಸಗಾರನೆಂಬುದು ಇದರ ಅರ್ಥವಲ್ಲ. ಸಂತೆಯಲ್ಲಿರುವ ಎಲ್ಲರೂ ಸತ್ಯವಂತರೂ ಬುದ್ಧಿವಂತರೂ ಆಗಿದ್ದಾಗ್ಯೂ ಈ ವೈಫಲ್ಯವು ಸಂಭವಿಸುತ್ತದೆ.

ಕಾಪುವಿನ ಕಡಲ ತೀರದ ಬಂಡೆಯ ಮೇಲೆ 1901ನೇ ಇಸವಿಯಲ್ಲಿ ಕಟ್ಟಿದ ದೀಪಸ್ತಂಭವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಪ್ರವಾಸದ ದಿನ ನೋಡಿದ್ದೀರಿ. ಕತ್ತಲೆಯಲ್ಲಿ ಮಲ್ಪೆಯ ಕಡೆಗೆ ತಿರುಗುವ ದೋಣಿಯವನು ಆ ಬೆಳಕನ್ನು ಕಂಡು ತನ್ನ ದಾರಿಯನ್ನು ತಿಳಿಯುತ್ತಾನೆ. ಅವನು ಕಂಡದ್ದರಿಂದ ಹಿಂದಿನ ದೋಣಿಯವನಿಗೆ ಬೆಳಕು ಕಡಿಮೆಯಾಗುವುದಿಲ್ಲ. ಹಣ ಕೊಡದವನು ಕಾಣಬಾರದೆಂದು ದೀಪವನ್ನು ಅವನಿಂದ ಮರೆಮಾಡುವುದೂ ಆಗದು. ಹೀಗಿರುವಾಗ, ನಾನೇಕೆ ಕೊಡಲಿ, ನೆರೆಯವನು ಕೊಡಲಿ, ಬೆಳಕು ಹೇಗೂ ಕಾಣುವುದಲ್ಲವೇ ಎಂದು ಪ್ರತಿಯೊಬ್ಬನೂ ಎಣಿಸಿದರೆ, ಎಲ್ಲರಿಗೂ ಬೇಕಾದ ದೀಪವನ್ನು ಹಚ್ಚುವವನೇ ಇಲ್ಲದಂತಾಗುವುದು. ಇಂಥ ಸರಕುಗಳ ಲಕ್ಷಣವನ್ನು ಪಾಲ್ ಸ್ಯಾಮ್ಯುಯೆಲ್‌ಸನ್ ಎಂಬ ಅಮೇರಿಕದ ಪಂಡಿತರು 1954ರಲ್ಲಿ ಗಣಿತದ ರೀತಿಯಿಂದ ನಿರೂಪಿಸಿದರು. ಆದರೆ ಅದರ ಬೀಜವು ಬಹಳ ಹಳೆಯದು. ಪೇಟೆಯ ಪಕ್ಷಪಾತಿಯೆಂದು ಹೆಸರಾದ ಆಡಂ ಸ್ಮಿತ್ತನೇ 1776ರಲ್ಲಿ, ಸಮಾಜಕ್ಕೆ ಬಹಳ ಲಾಭವಿದ್ದರೂ ಕಟ್ಟಿದವನಿಗೆ ಖರ್ಚು ಹುಟ್ಟದಂಥ ಕಾಮಗಾರಿಗಳನ್ನೂ ಸಂಸ್ಥೆಗಳನ್ನೂ ನಡಿಸುವುದು ಅರಸನ ಕರ್ತವ್ಯಗಳಲ್ಲಿ ಒಂದೆಂದು ಎಣಿಸಿ, ಬಡವರ ಮಕ್ಕಳ ವಿದ್ಯಾಭ್ಯಾಸವನ್ನೂ ಆ ಗುಂಪಿನಲ್ಲಿಯೇ ಸೇರಿಸಿದನು.

ಈ ದೃಷ್ಟಾಂತಕ್ಕೆ ಒಂದು ಆಕ್ಷೇಪವುಂಟು; ಅದನ್ನು ಮುಚ್ಚಿಡುವುದು ಸರಿಯಲ್ಲ. ರೊನಾಲ್ಡ್ ಕೋಸ್ ಎಂಬವರು 1974ರಲ್ಲಿ ಇಂಗ್ಲೆಂಡಿನ ಹಳೆಯ ಕಡತಗಳನ್ನು ಶೋಧಿಸಿ, ಅಲ್ಲಿ ಹಿಂದೆ ಅನೇಕ ದೀಪಸ್ತಂಭಗಳನ್ನು ಖಾಸಗಿಯವರೇ ಕಟ್ಟಿ, ಹಡಗುಗಳು ಬಂದರನ್ನು ಸೇರಿದಾಗ ಸುಂಕವನ್ನು ಎತ್ತುತ್ತಿದ್ದರೆಂದು ತೋರಿಸಿದರು. ಇದು ನಿಜ. ಆದರೆ ಆ ಸುಂಕವನ್ನೆತ್ತುವ ಅಧಿಕಾರವು ಅವರಿಗೆ ಅರಸನಿಂದಲೇ ಬಂದದ್ದು. ಬಂದರಿನಲ್ಲಿ ಹಣ ಕೊಡೆನೆಂದು ಹೇಳುವ ಸ್ವಾತಂತ್ರ್ಯವು ಹಡಗಿನವನಿಗೆ ಇರಲಿಲ್ಲ. ಕೊಡಲೇಬೇಕಾದ ಹಣಕ್ಕೆ ಬೆಲೆಯೆಂಬ ಹೆಸರಿಗಿಂತ ತೆರಿಗೆಯೆಂಬ ಹೆಸರೇ ಹೆಚ್ಚು ಒಪ್ಪುತ್ತದೆಂದು ನನಗೆ ತೋರುತ್ತದೆ.

ಸಿಡುಬಿನ ಸಂಗತಿಯು ಇನ್ನೂ ಮನೆಗೆ ಹತ್ತಿರವಾದುದು. ನಾನು ನನ್ನ ಮಗುವಿಗೆ ದೇವಿ ಹಾಕಿಸಿದರೆ ಅದರ ಲಾಭವು ನನ್ನ ಮಗುವಿಗೆ ಉಂಟಷ್ಟೆ. ಆದರೆ ನೆರೆಮನೆಯ ಮಗುವಿಗೂ ಉಂಟು, ಯಾಕಂದರೆ ನನ್ನ ಮನೆಯಿಂದ ಅದಕ್ಕೆ ರೋಗವು ಅಂಟದು. ನೆರೆಯವಳು ಇದಕ್ಕಾಗಿ ನನಗೆ ಏನನ್ನೂ ಕೊಡುವುದಿಲ್ಲ. ಕೊಡಬೇಕೆಂದು ಅವಳಿಗೆ ತೋರುವುದೂ ಇಲ್ಲ. ಊರಿನ ಬಹು ಜನರು ಹಾಕಿಸಿಕೊಂಡ ಮೇಲಂತೂ, ಇನ್ನು ನನ್ನ ಮಗುವಿಗೇಕೆ ಆ ನೋವು ಎಂದು ತಾಯಿಯೊಬ್ಬಳು ಹೇಳುವುದು ಸಹಜ. ಪೇಟೆಗೆ ಬಿಟ್ಟಿದ್ದರೆ ಹಣವುಳ್ಳವರೂ ಭಯವುಳ್ಳವರೂ ಮಾತ್ರ ಕೊಂಡುಕೊಳ್ಳುತ್ತಿದ್ದರು. ಉಳಿದವರಲ್ಲಿ ರೋಗವು ಮನೆಮಾಡಿಕೊಂಡೇ ಇರುತ್ತಿತ್ತು. ಜೆನ್ನರನು 1796ರಲ್ಲಿ ಉಪಾಯವನ್ನು ಕಂಡುಹಿಡಿದ ಮೇಲೆಯೂ ಭಾರತದಲ್ಲಿ ಆ ರೋಗವು ನೂರೆಪ್ಪತ್ತಕ್ಕಿಂತ ಹೆಚ್ಚು ವರುಷ ಉಳಿಯಿತು. ಕೊನೆಗೆ ಸರಕಾರದ ನೌಕರರು ಮನೆಮನೆಗೆ ಹೋಗಿ ಹುಡುಕಿ, ಬೆಲೆಯಿಲ್ಲದೆ ಹಾಕಿದ ಮೇಲೆ, 1975ರಲ್ಲಿ ಅದು ಈ ದೇಶವನ್ನು ಬಿಟ್ಟಿತು. 1980ರಲ್ಲಿ ಲೋಕವೇ ಅದರಿಂದ ಮುಕ್ತವಾಯಿತೆಂದು ಸಾರಲಾಯಿತು. ಪೋಲಿಯೋ ರೋಗದ ವಿಷಯವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ನಾನು ವಿವರಿಸಬೇಕಾಗಿಲ್ಲ. ಭಾನುವಾರದ ಆರಾಧನೆ ಮುಗಿಸಿ ಕೂಸನ್ನೆತ್ತಿಕೊಂಡು ಎರಡು ಹನಿಗಳಿಗಾಗಿ ಸಾಲಿನಲ್ಲಿ ನಿಂತವರು ನೀವೇ. ಆ ರೋಗದ ಕಡೆಯ ಪ್ರಸಂಗವು ಈ ದೇಶದಲ್ಲಿ 2011ರಲ್ಲಿ ಕಂಡಿತು. 2014ರಲ್ಲಿ ಭಾರತವು ಪೋಲಿಯೋಮುಕ್ತವೆಂದು ಪ್ರಮಾಣಿಸಲ್ಪಟ್ಟಿತು.

ಇನ್ನು ಹೆಣ್ಣುಮಕ್ಕಳ ವಿದ್ಯೆಗೆ ಬರೋಣ. ಇದು ದೀಪಸ್ತಂಭದಂತಹದಲ್ಲ. ಶುಲ್ಕ ಕೊಡದ ಹುಡುಗಿಯನ್ನು ಬಾಗಿಲ ಹೊರಗೆ ನಿಲ್ಲಿಸಬಹುದು. ಹಾಗೆ ನಿಲ್ಲಿಸುವ ಶಾಲೆಗಳೂ ಉಂಟು. ಅಂದಮೇಲೆ ಇದನ್ನು ಅಂಗಡಿಯ ಸರಕಿನಂತೆ ಮಾರಬಹುದಲ್ಲವೇ ಎಂದು ಕೇಳಬಹುದು. ಮಾರಬಹುದು. ಆದರೆ ಕೊಳ್ಳುವವನು ಯಾರು, ಪ್ರಯೋಜನವನ್ನು ಹೊಂದುವವರು ಯಾರು ಎಂಬುದನ್ನು ನೋಡಿರಿ. ಹಣ ಕೊಡುವವನು ತಂದೆ. ಓದುವವಳು ಮಗಳು, ಅವಳ ಕೈಯಲ್ಲಿ ಹಣವಿಲ್ಲ, ಆ ವಯಸ್ಸಿನಲ್ಲಿ ಅವಳ ಮಾತಿಗೆ ಬಲವೂ ಇಲ್ಲ. ಮಗನ ಓದಿಗೆ ಹಾಕಿದ ಹಣವು ಮುಪ್ಪಿನಲ್ಲಿ ತನ್ನ ಮನೆಗೆ ಹಿಂದಿರುಗುವುದೆಂದು ತಂದೆಯು ನಂಬುತ್ತಾನೆ. ಮಗಳಾದರೋ ಎಂದಿದ್ದರೂ ಪರರ ಮನೆಯವಳೆಂಬ ಮಾತು ನಮ್ಮ ಕ್ರೈಸ್ತ ಮನೆಗಳಲ್ಲಿಯೂ ಕೇಳಿಬರುತ್ತದೆ. ಅವಳ ಓದಿನ ಫಲವು ಅತ್ತೆಯ ಮನೆಗೆ, ಅವಳು ಹೆರುವ ಮಕ್ಕಳಿಗೆ, ಅವಳು ನೆಲಸುವ ಊರಿಗೆ ಹೋಗುತ್ತದೆ. ಅಳಿಯಸಂತಾನ ಕಟ್ಟು ನಡೆಯುತ್ತಿದ್ದ ಮನೆತನಗಳಲ್ಲಿ ಮಗಳು ಹುಟ್ಟಿದ ಕುಟುಂಬಕ್ಕೇ ಸೇರಿದವಳಾಗಿದ್ದುದರಿಂದ ಅಲ್ಲಿ ಈ ಲೆಕ್ಕವು ಬೇರೆಯಾಗಿತ್ತೆಂಬುದನ್ನು ಇಲ್ಲಿ ಹೇಳದಿದ್ದರೆ ನಮ್ಮ ಜಿಲ್ಲೆಯವರು ನನ್ನನ್ನು ಆಕ್ಷೇಪಿಸುವರು. ಉಳಿದ ಕಡೆಗಳಲ್ಲಿ ತಂದೆಯು ನಿಷ್ಕರುಣಿಯಾಗಿರದಿದ್ದರೂ, ಮಗಳನ್ನು ಪ್ರೀತಿಸುವವನೇ ಆಗಿದ್ದರೂ, ಇರುವ ಹಣವು ಒಬ್ಬರ ಶುಲ್ಕಕ್ಕೆ ಮಾತ್ರ ಸಾಲುವುದಾದರೆ ಅವನ ಕೈ ಮಗನ ಕಡೆಗೇ ಹೋಗುತ್ತದೆ.

ಆ ಪರರ ಮನೆಯವರಾದರೂ ಮುಂದಾಗಿ ಬಂದು ಶುಲ್ಕವನ್ನು ಕೊಡುವರೋ? ಮುಂದೆ ಯಾರ ಮನೆಯೆಂದು ಯಾರಿಗೂ ತಿಳಿಯದು. ಅವಳಿಂದ ಹುಟ್ಟಬೇಕಾದ ಮಕ್ಕಳು ಇನ್ನೂ ಹುಟ್ಟಿಲ್ಲ. ಅವರು ಬಂದು ನಮ್ಮ ಕಚೇರಿಯ ಮೇಜಿನ ಮೇಲೆ ಹಣವನ್ನಿಡಲಾರರು. ಸಾಲ ತೆಗೆಯೋಣವೆಂದರೆ, ಚಿನ್ನವನ್ನೂ ಗದ್ದೆಯನ್ನೂ ಅಡವಿಟ್ಟುಕೊಳ್ಳುವ ಸಾಹುಕಾರನು ಹನ್ನೊಂದು ವರುಷದ ಹುಡುಗಿಯ ಬೀಜಗಣಿತವನ್ನು ಅಡವಿಟ್ಟುಕೊಳ್ಳುವುದಿಲ್ಲ.

ಆ ಹುಟ್ಟದ ಮಕ್ಕಳಿಗೆ ಆಗುವ ಲಾಭವು ಕೇವಲ ಮಾತಿನದಲ್ಲ. ಆಸ್ಟ್ರೇಲಿಯದ ಜನಸಂಖ್ಯಾಶಾಸ್ತ್ರಜ್ಞರಾದ ಜಾನ್ ಕಾಲ್ಡ್‌ವೆಲ್ ಎಂಬವರು ನೈಜೀರಿಯ ದೇಶದ ಲೆಕ್ಕಗಳನ್ನು ಪರೀಕ್ಷಿಸಿ 1979ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ತಂದೆಯ ಉದ್ಯೋಗ, ವಿದ್ಯೆ ಮೊದಲಾದವುಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೆಯೂ, ತಾಯಿ ಓದಿದವಳಾದ ಮನೆಯಲ್ಲಿ ಮಕ್ಕಳು ಸಾಯುವುದು ಕಡಿಮೆಯೆಂದು ಅವರು ಕಂಡರು. ಅನಂತರ ಅವರೂ ಅವರ ಜತೆಗಾರರೂ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿಯೂ ಅನೇಕ ಕಾಲ ವಿಚಾರಣೆ ನಡಿಸಿದರು. ಓದಿದ ತಾಯಿಗೆ ಔಷಧದ ಶಾಸ್ತ್ರವು ತಿಳಿದಿರುವುದೆಂದಲ್ಲ. ಶಾಲೆಯಲ್ಲಿ ಕಲಿತ ರಸಾಯನಶಾಸ್ತ್ರವನ್ನು ಅವಳು ಮರೆತಿರಬಹುದು. ಆದರೆ ಕೂಸಿನ ಮೈ ಬೆಚ್ಚಗಾದಾಗ ಅತ್ತೆಯ ಅಪ್ಪಣೆಗೆ ಕಾಯದೆ ಆಸ್ಪತ್ರೆಗೆ ಹೊರಡುತ್ತಾಳೆ, ಸಾಲಿನಲ್ಲಿ ತನ್ನ ಸರದಿಯನ್ನು ಕೇಳಿ ಪಡೆಯುತ್ತಾಳೆ, ವೈದ್ಯರು ಹೇಳಿದ್ದು ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳುತ್ತಾಳೆ. ಕೇಳುವ ಧೈರ್ಯವನ್ನು ತರಗತಿಯಲ್ಲಿ ಎದ್ದುನಿಂತು ಉತ್ತರ ಹೇಳಿದವಳು ಪಡೆದಿರುತ್ತಾಳೆ. ನಮ್ಮಲ್ಲಿ ಪಾಠಕ್ಕಿಂತ ಗದ್ದಲವೇ ಹೆಚ್ಚೆಂದು ದೂರುವ ಪೋಷಕರು ಇದನ್ನು ಸ್ವಲ್ಪ ಮನಸ್ಸಿನಲ್ಲಿಡಬೇಕು.

ಇಂಥ ಸರಕನ್ನು ಪೇಟೆಯು ಎಷ್ಟು ಒದಗಿಸಿತೆಂಬುದಕ್ಕೆ ಜನಗಣತಿಯೇ ಸಾಕ್ಷಿ. 1951ರಲ್ಲಿ ಭಾರತದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 9 ಮಂದಿಗೆ ಮಾತ್ರ ಅಕ್ಷರ ಬರುತ್ತಿತ್ತು; ಪುರುಷರಲ್ಲಿ ನೂರಕ್ಕೆ 27 ಮಂದಿಗೆ. ಬಡತನವೊಂದೇ ಕಾರಣವಾಗಿದ್ದರೆ ಇಬ್ಬರಿಗೂ ಒಂದೇ ಲೆಕ್ಕವಾಗಬೇಕಾಗಿತ್ತು. ಅಣ್ಣನೂ ತಂಗಿಯೂ ಒಂದೇ ಬಡತನದ ಮನೆಯವರಲ್ಲವೇ? ಸರಕಾರವು ಹಳ್ಳಿಹಳ್ಳಿಗೆ ಶಾಲೆಗಳನ್ನು ತೆರೆದ ಅರುವತ್ತು ವರುಷಗಳ ಮೇಲೆ, 2011ರ ಗಣತಿಯಲ್ಲಿ, ಏಳು ವರುಷ ಮೇಲ್ಪಟ್ಟ ಸ್ತ್ರೀಯರಲ್ಲಿ ಅಕ್ಷರಸ್ಥರು ನೂರಕ್ಕೆ ಸುಮಾರು 65 ಮಂದಿಯಾದರು.

ಧರ್ಮವು ಈ ಕೊರತೆಯನ್ನು ತುಂಬಲಾರದೇ ಎಂದು ನಮ್ಮ ಸಭೆಯವರು ಕೇಳುವರು. ಧರ್ಮದಿಂದ ಹುಟ್ಟಿದ ಶಾಲೆಯಲ್ಲಿ ಓದಿ, ಅದರಲ್ಲಿಯೇ ತರಬೇತಿ ಹೊಂದಿದ ನಾನು ಅದನ್ನು ಹೀನಯಿಸಲಾರೆ. ಒಳ್ಳೆಯ ಸಮಾರ್ಯದವನು ಗಾಯಗೊಂಡವನನ್ನು ಎತ್ತಿಕೊಂಡು ಹೋಗಿ ಛತ್ರದವನಿಗೆ ಹಣ ಕೊಟ್ಟನು. ಆದರೆ ಅವನು ಆ ದಾರಿಯಲ್ಲಿ ಬಾರದ ದಿನ ಅಲ್ಲಿ ಬಿದ್ದವನ ಗತಿಯೇನು? ನಮ್ಮ ಜಿಲ್ಲೆಯಲ್ಲಿ ಇದು ಪ್ರತ್ಯಕ್ಷವಾಗಿ ಕಂಡುಬಂದ ಸಂಗತಿ. ಇಲ್ಲಿಯ ಶಾಲೆಗಳಿಗೆ ದೂರದ ಬಾಸೆಲಿನ ಭಕ್ತರ ಕಾಣಿಕೆಯು ಆಧಾರವಾಗಿತ್ತು. 1914ರಲ್ಲಿ ಮಹಾಯುದ್ಧವು ಆರಂಭವಾಗಲು, ಮಿಶನರಿಗಳಲ್ಲಿ ಜರ್ಮನರಾದವರು ಬಂಧನಕ್ಕೊಳಗಾಗಿ ತಮ್ಮ ದೇಶಕ್ಕೆ ಕಳುಹಿಸಲ್ಪಟ್ಟರು. ಹಂಚಿನ ಕಾರ್ಖಾನೆಗಳೂ ನೆಯ್ಗೆಯ ಕಾರ್ಖಾನೆಗಳೂ ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟೆಂಬ ಕಂಪೆನಿಯ ಕೈಸೇರಿದವು. ದಾನಿಯ ದೇಶಕ್ಕೂ ನಮ್ಮನ್ನಾಳುವವರಿಗೂ ಯುದ್ಧವಾದರೆ ಇಲ್ಲಿಯ ಹುಡುಗಿಯ ಪಾಠ ನಿಲ್ಲಬೇಕೆಂಬುದು ಯಾವ ನ್ಯಾಯ? ಧರ್ಮಕ್ಕೂ ಪೇಟೆಗೂ ಇಷ್ಟು ಸಾಮ್ಯವುಂಟು: ಎರಡೂ ಕೊಡುವವನ ಮನಸ್ಸನ್ನು ಅವಲಂಬಿಸಿವೆ.

ಹಾಗಾದರೆ ಸರಕಾರವೇ ಎಲ್ಲ ಶಾಲೆಗಳನ್ನು ನಡಿಸಬೇಕೋ? ಅಗತ್ಯವಿಲ್ಲ. ಹಣ ಕೊಡುವುದು ಬೇರೆ, ಪಾಠ ಹೇಳುವುದು ಬೇರೆ. 1854ರಲ್ಲಿ ಚಾರ್ಲ್ಸ್ ವುಡ್ಡರು ಕಳುಹಿಸಿದ ವಿದ್ಯಾಭ್ಯಾಸದ ನಿರೂಪದಲ್ಲಿ ಈ ಭೇದವು ಸ್ಪಷ್ಟವಾಗಿದೆ. ಯಾರೇ ನಡಿಸಲಿ, ಒಳ್ಳೆಯ ಲೌಕಿಕ ವಿದ್ಯೆಯನ್ನು ಕಲಿಸಿ, ತನಿಖೆಗೆ ಒಪ್ಪಿ, ಎಷ್ಟು ಅಲ್ಪವಾದರೂ ಸರಿ ಶುಲ್ಕವನ್ನು ಎತ್ತುವ ಶಾಲೆಗೆ ಅನುದಾನ ಕೊಡತಕ್ಕದ್ದೆಂದು ಅದರಲ್ಲಿ ವಿಧಿಸಿದರು. ಆದರೆ ಹೆಣ್ಣುಮಕ್ಕಳಿಂದ ಶುಲ್ಕವನ್ನು ಕೇಳಿದರೆ ಶಾಲೆಯೇ ಬರಿದಾಗುವುದೆಂಬುದು ಬೇಗನೆ ತಿಳಿದುಬಂತು. ಹಂಟರ್ ಎಂಬವರ ಅಧ್ಯಕ್ಷತೆಯಲ್ಲಿ 1882ರಲ್ಲಿ ಕುಳಿತ ಆಯೋಗದವರು, ಗಂಡುಮಕ್ಕಳ ಶಾಲೆಗಳಿಗಿಂತ ಹೆಣ್ಣುಮಕ್ಕಳ ಶಾಲೆಗಳಿಗೆ ಹೆಚ್ಚು ಸುಲಭವಾದ ನಿಬಂಧನೆಗಳಿಂದ ಅನುದಾನ ಕೊಡಬೇಕೆಂದು ಶಿಫಾರಸು ಮಾಡಿದರು. ಸರಕಾರದ ಕೈ ಎಷ್ಟು ಚಿಕ್ಕದಾದರೆ ಅಷ್ಟು ಕ್ಷೇಮವೆಂದು ಜೀವಮಾನವೆಲ್ಲ ವಾದಿಸಿದ ಮಿಲ್ಟನ್ ಫ್ರೀಡ್‌ಮನ್ನರು ಸಹ, 1955ರಲ್ಲಿ ಬರೆದ ಲೇಖನದಲ್ಲಿ, ಮಗುವಿನ ಸಾಮಾನ್ಯ ವಿದ್ಯೆಯಿಂದ ನೆರೆಹೊರೆಯವರಿಗೂ ಲಾಭವುಂಟಾದುದರಿಂದ ಅದಕ್ಕೆ ಸಾರ್ವಜನಿಕ ಹಣವು ತಕ್ಕದ್ದೆಂದು ಒಪ್ಪಿ, ಶಾಲೆಗಳನ್ನು ಮಾತ್ರ ಸರಕಾರವೇ ನಡಿಸಬೇಕಾಗಿಲ್ಲವೆಂದರು. ನಮ್ಮ ಅನುದಾನದ ಕಟ್ಟಳೆಯು ಅವರಿಗಿಂತ ನೂರು ವರುಷ ಹಳೆಯದು.

ಅದೇ ಲೇಖನದಲ್ಲಿ ಅವರು, ಒಬ್ಬನ ಸಂಪಾದನೆಯನ್ನು ಹೆಚ್ಚಿಸುವುದಕ್ಕಾಗಿಯೇ ಇರುವ ವೃತ್ತಿಶಿಕ್ಷಣಕ್ಕೆ ಈ ನ್ಯಾಯವು ಸಲ್ಲದೆಂದೂ ಹೇಳಿದ್ದಾರೆ. ಅಷ್ಟು ಕಠಿಣವಾಗಿ ನಾನು ಹೇಳಲಾರೆ; ಆದರೂ ಅದರಲ್ಲಿ ಸತ್ಯಾಂಶವಿದೆ. ಪೇಟೆಯು ಸೋತಿತೆಂದ ಮಾತ್ರಕ್ಕೆ ಸರಕಾರವು ಗೆದ್ದಂತಾಗುವುದಿಲ್ಲ. ಕಟ್ಟಡವಿದ್ದು ಉಪಾಧ್ಯಾಯರಿಲ್ಲದ ಶಾಲೆಗಳನ್ನೂ, ಉಪಾಧ್ಯಾಯರಿದ್ದು ಪಾಠವಿಲ್ಲದ ಶಾಲೆಗಳನ್ನೂ ವಾಚಕರು ಕಂಡಿರುತ್ತೀರಿ. ಅಂಗಡಿಯವನು ಕೆಟ್ಟ ಸರಕನ್ನಿಟ್ಟರೆ ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಾನೆ. ಸರಕಾರದ ಖರ್ಚು ಕೆಟ್ಟರೆ ಅದು ಮುಂದಿನ ಸಾಲಿನ ಆಯವ್ಯಯದಲ್ಲಿ ಮತ್ತೆ ಕಾಣಿಸಿಕೊಳ್ಳಬಹುದು. ಸಂತೆಯಲ್ಲಿ ಸೋಪಿನ ಬಿಲ್ಲೆಯನ್ನು ಕೊಳ್ಳುವ ಮುದುಕಿಯೂ ತೆರಿಗೆಯನ್ನು ಕೊಡುತ್ತಾಳೆ. ಆದಕಾರಣ ಪ್ರತಿಯೊಂದು ಖರ್ಚಿನಲ್ಲಿಯೂ ಕೇಳತಕ್ಕ ಪ್ರಶ್ನೆ ಇದು: ಇದರ ಫಲವು ಅದನ್ನು ಪಡೆಯುವವನ ಮನೆಯಲ್ಲಿಯೇ ನಿಲ್ಲುವುದೋ, ಆ ಮುದುಕಿಯ ತನಕ ಹರಿಯುವುದೋ? ಒಬ್ಬನನ್ನು ದೊಡ್ಡ ಸಂಬಳಗಾರನನ್ನಾಗಿ ಮಾಡುವ ಕೊನೆಯ ಮೆಟ್ಟಲಿಗಿಂತ, ನೂರು ಹುಡುಗಿಯರನ್ನು ಹತ್ತನೆಯ ತರಗತಿಯ ತನಕ ತರುವ ಕೆಳಗಿನ ಮೆಟ್ಟಲಿಗೆ ಮೊದಲು ಹಣ ಹೋಗಬೇಕೆಂಬುದು ನನ್ನ ಅಭಿಪ್ರಾಯ.

ಈ ದೃಷ್ಟಿಯಿಂದ ನೋಡಿದರೆ ನಮ್ಮ ಕಾನೂನಿನಲ್ಲಿ ಒಂದು ಸೀಳು ಕಾಣುತ್ತದೆ. 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರುಷದ ಮಕ್ಕಳಿಗೆ ಸಲ್ಲುತ್ತದೆ. ಅಂದರೆ ಎಂಟನೆಯ ತರಗತಿಗೆ ಅದರ ಬಲವು ಮುಗಿಯಿತು. ಹುಡುಗಿಯು ದೊಡ್ಡವಳಾದಳು, ದಾರಿಯು ದೂರವಾಯಿತು, ಮನೆಯಲ್ಲಿ ಕೆಲಸವಿದೆ, ತಮ್ಮನ ಖರ್ಚು ಹೆಚ್ಚಿತು ಎಂಬ ಮಾತುಗಳೆಲ್ಲ ಒಟ್ಟಾಗಿ ಬರುವ ವಯಸ್ಸೇ ಅದು. ಎಲ್ಲಿ ಮನೆಯ ಲೆಕ್ಕಕ್ಕೂ ಊರಿನ ಲೆಕ್ಕಕ್ಕೂ ಅತ್ಯಂತ ಅಂತರವಿದೆಯೋ ಅಲ್ಲಿಯೇ ಕಾನೂನಿನ ಕೈ ಹಿಂದೆ ಸರಿಯುತ್ತದೆ.

ಬಿಹಾರದಲ್ಲಿ 2006ರಲ್ಲಿ, ಒಂಬತ್ತನೆಯ ತರಗತಿಗೆ ಸೇರಿದ ಹುಡುಗಿಯರಿಗೆ ಸೈಕಲ್ ಕೊಳ್ಳಲು ಸರಕಾರವು ಹಣ ಕೊಡತೊಡಗಿತು. ಅರ್ಥಶಾಸ್ತ್ರಜ್ಞರಿಬ್ಬರು ಇದನ್ನು ನೆರೆಯ ಝಾರ್ಖಂಡದ ಸ್ಥಿತಿಯೊಡನೆ ಹೋಲಿಸಿ ನೋಡಿದಾಗ, ಪ್ರೌಢಶಾಲೆಗೆ ಸೇರುವ ಹುಡುಗಿಯರ ಸಂಖ್ಯೆಯು ನೂರಕ್ಕೆ ಸುಮಾರು 30ರಷ್ಟು ಏರಿದುದು ಕಂಡಿತು. ಶಾಲೆಯು ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿಯೇ ಏರಿಕೆ ಹೆಚ್ಚು. ಸೈಕಲುಗಳು ಅದಕ್ಕೆ ಮುಂಚೆಯೂ ಅಲ್ಲಿಯ ಅಂಗಡಿಗಳಲ್ಲಿ ಇದ್ದೇ ಇದ್ದವು. ನಮ್ಮ ರಾಜ್ಯದಲ್ಲಿಯೂ 2006–07ನೇ ಸಾಲಿನಲ್ಲಿ ಎಂಟನೆಯ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡುವ ಏರ್ಪಾಡು ಆರಂಭವಾಗಿತ್ತು. ಗುಡ್ಡದ ಏರೂ ಆಷಾಢದ ಮಳೆಯೂ ಇರುವ ನಮ್ಮ ಕಡೆಯಲ್ಲಿ ಸೈಕಲಿಗಿಂತ ಬಸ್ಸೇ ಮುಖ್ಯ. ಈ ಕರಾವಳಿಯ ಖಾಸಗಿ ಬಸ್ಸುಗಳು ಚೆನ್ನಾಗಿ ಓಡುತ್ತವೆಂಬುದಕ್ಕೆ ನಾನೂ ಸಾಕ್ಷಿ. ಪೇಟೆಯ ಸಾಮರ್ಥ್ಯಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಆದರೆ ಬಸ್ಸಿನವನು ಟಿಕೇಟು ಹುಟ್ಟುವ ದಾರಿಯಲ್ಲಿ ಓಡಿಸುತ್ತಾನೆ. ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರು ಮಾತ್ರ ಹತ್ತುವ ಕೊನೆಯ ನಿಲ್ದಾಣದ ತನಕ ಗಾಡಿ ಹೋಗಬೇಕಾದರೆ, ಆ ಕೊನೆಯ ನಾಲ್ಕು ಮೈಲಿಯ ಖರ್ಚನ್ನು ಬೇರೆ ಯಾರಾದರೂ ಕೊಡಬೇಕಾಗುತ್ತದೆ.